ಪೆನ್‌ಟೆಸ್ಟರ್ ಬೇಕು: ಮೂರು ಕೊಟೇಶನ್ ಬಂದಿವೆ, ಯಾವುದನ್ನು ನಂಬೋದು?

ಸೌಹಾರ್ದ_ಡೆವ್ (ಹುಬ್ಬಳ್ಳಿ)
ನಮಸ್ಕಾರ. ಸೌಹಾರ್ದ ಸಹಕಾರಿಗಳಿಗೂ ಪಟ್ಟಣ ಸಹಕಾರಿ ಬ್ಯಾಂಕುಗಳಿಗೂ ಠೇವಣಿ-ಸಾಲದ ಸಾಫ್ಟ್‌ವೇರ್ ಮಾಡಿಕೊಡೋ ಸಣ್ಣ ಕಂಪನಿ ನಮ್ಮದು. ಒಂದು ಬ್ಯಾಂಕು ಕರಾರು ನವೀಕರಿಸೋ ಮೊದಲು ವಿಎಪಿಟಿ (ಭದ್ರತಾ ದೋಷ ಹುಡುಕಿ, ಆಮೇಲೆ ಅದರಿಂದ ಒಳಗೆ ನುಗ್ಗೋಕಾಗುತ್ತಾ ಅಂತ ನೋಡೋ ಪರೀಕ್ಷೆ; ಮಾಡೋರು ಪೆನ್‌ಟೆಸ್ಟರ್) ರಿಪೋರ್ಟ್ ಕೊಡಿ ಅಂದಿದೆ. ವೆಬ್ ಆ್ಯಪ್ ಒಂದು, ಆಂಡ್ರಾಯ್ಡ್ ಆ್ಯಪ್ ಒಂದು, ಹಿಂದೆ ಸುಮಾರು 60 ಎಪಿಐ (ಆ್ಯಪ್ ಸರ್ವರ್ ಜೊತೆ ಮಾತಾಡೋ ದಾರಿಗಳು). ಬಳಕೆದಾರರಲ್ಲಿ ನಾಲ್ಕು ದರ್ಜೆ: ಸದಸ್ಯ, ಕೌಂಟರ್ ಸಿಬ್ಬಂದಿ, ಶಾಖಾ ಮ್ಯಾನೇಜರ್, ಅಡ್ಮಿನ್. ಎಲ್ಲಾ ಎಡಬ್ಲ್ಯುಎಸ್‌ನ (ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆ) ಮುಂಬೈ ಕೇಂದ್ರದಲ್ಲಿದೆ.

ಕೊಟೇಶನ್ ಮೂರು ಬಂದಿವೆ: 40 ಸಾವಿರ, 1.8 ಲಕ್ಷ, 6 ಲಕ್ಷ. ಮೂರರಲ್ಲೂ ಬರೆದಿರೋದು ಹೆಚ್ಚುಕಡಿಮೆ ಒಂದೇ. ಇದರ ಬದಲು ಒಬ್ಬರನ್ನು ಕೆಲಸಕ್ಕೇ ಇಟ್ಟುಕೊಂಡರೆ ಹೇಗೆ ಅಂತಲೂ ಯೋಚನೆ ಇದೆ. ಜಾಹೀರಾತಿನ ಕರಡು ಇದು: "ಸೈಬರ್ ಸೆಕ್ಯುರಿಟಿ ತಜ್ಞರು ಬೇಕು. ಕಾಲಿ ಲಿನಕ್ಸ್, ನೆಸಸ್, ಬರ್ಪ್, ಮೆಟಾಸ್ಪ್ಲಾಯಿಟ್ ಗೊತ್ತಿರಬೇಕು. ಸಿಇಎಚ್ ಕಡ್ಡಾಯ. ಸಾಫ್ಟ್‌ವೇರ್ ಪೂರ್ತಿ ಸುರಕ್ಷಿತ ಎಂದು ಸರ್ಟಿಫಿಕೇಟ್ ಕೊಡಬೇಕು." ಸರಿ ಇದೆಯಾ? (ಮೊದಲ ನಾಲ್ಕು ಟೆಸ್ಟಿಂಗ್ ಸಾಫ್ಟ್‌ವೇರ್‌ಗಳು: ಅದರಲ್ಲಿ ನೆಸಸ್ ದೋಷ ಹುಡುಕೋ ಸ್ಕ್ಯಾನರ್, ಬರ್ಪ್ ಆ್ಯಪ್ ಕಳಿಸೋ ರಿಕ್ವೆಸ್ಟನ್ನು ತಡೆದು ತಿದ್ದೋ ಟೂಲು. ಸಿಇಎಚ್ ಹ್ಯಾಕಿಂಗ್ ಕಲಿತವರ ಸರ್ಟಿಫಿಕೇಟ್.)

ಪೋರ್ಟ್443
ಜಾಹೀರಾತು ಆಮೇಲೆ. ಮೊದಲು ಬ್ಯಾಂಕಿಗೆ ಒಂದು ಮೇಲ್ ಹಾಕಿ ಕೇಳಿ: ರಿಪೋರ್ಟು ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ಎಂಪ್ಯಾನೆಲ್ ಮಾಡಿದ, ಅಂದರೆ ತನ್ನ ಅಧಿಕೃತ ಪಟ್ಟಿಗೆ ಸೇರಿಸಿಕೊಂಡ ಸಂಸ್ಥೆಯಿಂದಲೇ ಬರಬೇಕಾ? ಹೌದು ಅಂದರೆ ನೀವು ಎಷ್ಟೇ ಒಳ್ಳೆ ಫ್ರೀಲ್ಯಾನ್ಸರ್ ಹಿಡಿದರೂ ಆ ರಿಪೋರ್ಟ್ ಅವರ ಕಡತಕ್ಕೆ ಹೋಗಲ್ಲ. ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಆರ್‌ಬಿಐ 2019ರ ಡಿಸೆಂಬರ್‌ನಲ್ಲಿ ನಾಲ್ಕು ಹಂತಗಳ ಸೈಬರ್ ಭದ್ರತಾ ಚೌಕಟ್ಟು ಕೊಟ್ಟಿದೆ. ನಿಮ್ಮ ಗ್ರಾಹಕ ಬ್ಯಾಂಕು ಯಾವ ಹಂತದಲ್ಲಿದೆಯೋ ಅದರ ಮೇಲೆ ಅವರು ನಿಮ್ಮಿಂದ ಕೇಳೋದೂ ಬದಲಾಗುತ್ತೆ.

ಕೆಲಸಕ್ಕೆ ಇಟ್ಟುಕೊಂಡವರ ರಿಪೋರ್ಟನ್ನಂತೂ ಬ್ಯಾಂಕು ಒಪ್ಪೋದು ಕಷ್ಟ. ತಮ್ಮ ಮನೆ ಲೆಕ್ಕವನ್ನು ತಾವೇ ಆಡಿಟ್ ಮಾಡಿದ ಹಾಗಾಗುತ್ತೆ.

ಧಾರವಾಡ_ಪ್ಯಾಕೆಟ್
ಎಂಪ್ಯಾನೆಲ್ ಅಂದ್ ಕೂಡ್ಲೆ ಕಣ್ ಮುಚ್ಚಿ ಸಹಿ ಹಾಕಬ್ಯಾಡ್ರಿ. ಎಂಪ್ಯಾನೆಲ್ ಆಗಿರೋದು ಸಂಸ್ಥೆ, ನಿಮ್ಮ ಕಡೆ ಕುಂತು ಕೆಲಸ ಮಾಡೋ ಮನುಷ್ಯಾ ಅಲ್ಲ. ಸರ್ಟ್-ಇನ್ ಸೈಟ್‌ನಾಗ ಒಂದೊಂದು ಸಂಸ್ಥೆದೂ ಮಾಹಿತಿ ಹಾಳಿ ಹಾಕ್ಯಾರ. ಎಷ್ಟು ಮಂದಿ ತಾಂತ್ರಿಕ ಸಿಬ್ಬಂದಿ, ಅವರ ಅನುಭವ ಎಷ್ಟು, ಯಾವ ಟೂಲ್ ಬಳಸ್ತಾರ, ಕೆಲಸ ಹೊರಗಿನವರಿಗೆ ಕೊಡ್ತಾರೋ ಇಲ್ಲೋ, ಎಲ್ಲಾ ಅದರಾಗ ಅದ. ಒಂದ್ ಸರ್ತಿ ಓದ್ರಿ.

ಆಮೇಲೆ ಕರಾರಿನ್ಯಾಗ ಬರೆಸ್ರಿ: ಟೆಸ್ಟ್ ಮಾಡೋರ ಹೆಸರು, ರೆಸ್ಯೂಮೆ, ಮಧ್ಯದಾಗ ಮನುಷ್ಯಾನ ಬದಲಿ ಮಾಡಿದ್ರ ನಿಮ್ಮ ಒಪ್ಪಿಗಿ ಬೇಕು, ಸಬ್‌ಕಾಂಟ್ರಾಕ್ಟ್ ಇಲ್ಲ. ಮಾತಾಡಾಕ ಬರೋವ್ರು ಸೀನಿಯರ್, ಕೆಲಸಕ್ಕ ಕುಂಡ್ರೋವ್ರು ನಿನ್ನೆ ಸೇರಿದ ಟ್ರೇನೀ, ಹಿಂಗ ಆಗಬಾರ್ದು.

ಎಪಿಐ_ಅಕ್ಕ
ಮೂರು ಕೊಟೇಶನ್ ಹೋಲಿಸೋದು ಹೇಗೆ ಅನ್ನೋದಕ್ಕೆ ಉತ್ತರ: ಮೂವರನ್ನೂ ಎಷ್ಟು ಮಾನವ-ದಿನ ಅಂತ ಕೇಳಿ, ಮೊತ್ತವನ್ನು ಅದರಿಂದ ಭಾಗಿಸಿ. ನೀವು ಹೇಳಿದ ಗಾತ್ರಕ್ಕೆ ನನ್ನ ಅಂದಾಜು: ವೆಬ್ 6 ದಿನ, ಎಪಿಐ 4, ಆಂಡ್ರಾಯ್ಡ್ 3, ಎಡಬ್ಲ್ಯುಎಸ್ ಸಂರಚನೆ 2, ರಿಪೋರ್ಟ್ 2, ರೀಟೆಸ್ಟ್ (ಸರಿ ಮಾಡಿದ ದೋಷಗಳನ್ನು ಮತ್ತೆ ನೋಡೋದು) 2. ಒಟ್ಟು 19. 40 ಸಾವಿರವನ್ನು 19ಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 2,100 ರೂಪಾಯಿ ಬೀಳುತ್ತೆ, ಅಷ್ಟೇ. ಆ ದುಡ್ಡಿಗೆ ಯಾರೂ 60 ಎಪಿಐಗಳನ್ನು ಕೈಯಿಂದ ನೋಡಲ್ಲ. ರಾತ್ರಿ ಸ್ಕ್ಯಾನರ್ ಬಿಟ್ಟು ಬೆಳಗ್ಗೆ ಪಿಡಿಎಫ್ ಕಳಿಸ್ತಾರೆ.

6 ಲಕ್ಷದವರು ಏನೇನು ಸೇರಿಸಿದ್ದಾರೆ ನೋಡಿ. ರೆಡ್ ಟೀಮ್ (ಇಡೀ ಕಂಪನಿಯ ಮೇಲೆ ಅಣಕು ದಾಳಿ), ಫಿಶಿಂಗ್ (ಮೋಸದ ಮೇಲ್) ಅಭ್ಯಾಸ, ಕಚೇರಿ ನೆಟ್‌ವರ್ಕು ಎಲ್ಲಾ ಒಳಗೆ ತುಂಬಿರಬಹುದು. ಬ್ಯಾಂಕು ಕೇಳಿರೋದು ಆ್ಯಪ್ ಮಾತ್ರ ಆದರೆ ಅದನ್ನು ತೆಗೆಸಿ.

ಮೈಸೂರ್_ರೂಟ್
@ಎಪಿಐ_ಅಕ್ಕ, 19 ಜಾಸ್ತಿ ಆಯ್ತು. ವೆಬ್ಬೂ ಆಂಡ್ರಾಯ್ಡೂ ಒಂದೇ ಎಪಿಐ ಬಳಸ್ತಿದ್ರೆ ಎರಡು ಸಲ ಲೆಕ್ಕ ಯಾಕೆ? 14 ಸಾಕು.

ಎಪಿಐ_ಅಕ್ಕ
ಎರಡೂ ಒಂದೇ ಎಪಿಐ ಅಂತ ಕಾಗದದ ಮೇಲೆ ಇರುತ್ತೆ. ಮೊಬೈಲಿಗೆ ಅಂತ ಹಳೇ ಆವೃತ್ತಿಯ ದಾರಿ ಒಂದು ತೆರೆದೇ ಉಳಿದಿರುತ್ತೆ, ತೂತು ಇರೋದೂ ಅಲ್ಲೇ. ಆದರೂ ಸ್ವ್ಯಾಗರ್ ಫೈಲ್ ಅಥವಾ ಪೋಸ್ಟ್‌ಮನ್ ಕಲೆಕ್ಷನ್ (ಎಪಿಐಗಳ ಪಟ್ಟಿ ಇರೋ ಫೈಲು) ಮೊದಲೇ ಕೊಟ್ಟರೆ ಎರಡು ದಿನ ಉಳಿಯುತ್ತೆ, ಅದು ಒಪ್ಪಿದೆ. ಅದಿಲ್ಲದೆ ಬಂದವರು ಮೊದಲ ಎರಡು ದಿನ ನಿಮ್ಮ ಎಪಿಐಗಳ ಪಟ್ಟಿ ಮಾಡೋದರಲ್ಲೇ ಕಳೀತಾರೆ.

ಸೌಹಾರ್ದ_ಡೆವ್
ಸ್ಕ್ಯಾನರ್ ಓಡಿಸೋದಕ್ಕೂ ಕೈಯಿಂದ ನೋಡೋದಕ್ಕೂ ಅಷ್ಟೊಂದು ವ್ಯತ್ಯಾಸ ಇದೆಯಾ? ನೆಸಸ್ ದುಬಾರಿ ಟೂಲು, ಅದೇ ಎಲ್ಲಾ ಹುಡುಕಲ್ವಾ?

ಕುಡ್ಲದ_ಶೆಲ್
ಇಲ್ಲ ಮಾರಾಯ್ರೆ, ನಿಮ್ಮ ಆ್ಯಪಿನದ್ದೇ ಉದಾಹರಣೆ ತೆಗೊಳ್ಳಿ. ಸದಸ್ಯರೊಬ್ಬರು ಲಾಗಿನ್ ಆಗಿ ತಮ್ಮ ಸಾಲದ ಸ್ಟೇಟ್‌ಮೆಂಟ್ ತೆಗೀತಾರೆ. ಹೋಗುವ ರಿಕ್ವೆಸ್ಟಿನಲ್ಲಿ ಸಾಲದ ಖಾತೆ ಸಂಖ್ಯೆ 1042 ಅಂತ ಉಂಟು. ಬರ್ಪಿನ ರಿಪೀಟರ್‌ಗೆ (ರಿಕ್ವೆಸ್ಟನ್ನು ತಿದ್ದಿ ಮತ್ತೆ ಕಳಿಸುವ ಭಾಗ) ಅದನ್ನು ಕಳಿಸಿ, ಟೋಕನ್ (ಲಾಗಿನ್ ಆದವರ ಗುರುತು) ಹಾಗೆಯೇ ಬಿಟ್ಟು, 1042ನ್ನು 1043 ಮಾಡಿ. ಪಕ್ಕದ ಮನೆಯವರ ಸಾಲ, ಬಾಕಿ, ಜಾಮೀನುದಾರರ ಹೆಸರು ಎಲ್ಲಾ ಬಂತಾದರೆ ಕಥೆ ಮುಗೀತು. ಸರ್ವರ್ ಕೊಟ್ಟ ಉತ್ತರ 200 (ಎಲ್ಲಾ ಸರಿ ಅನ್ನುವ ಕೋಡ್), ಒಳಗೆ ಶುದ್ಧ ಜೇಸನ್ (ಡೇಟಾ ಕಳಿಸುವ ಸಾಮಾನ್ಯ ರೂಪ). ಸ್ಕ್ಯಾನರಿಗೆ ಇದು ಸರಿಯಾದ ಉತ್ತರದ ಹಾಗೆಯೇ ಕಾಣ್ತದೆ, ಆ ಸ್ಟೇಟ್‌ಮೆಂಟ್ ಯಾರದ್ದು ಅಂತ ಅದಕ್ಕೆ ಗೊತ್ತಾಗ್ಲಿಕ್ಕೆ ದಾರಿಯೇ ಇಲ್ಲ.

ಒವಾಸ್ಪ್ ಅನ್ನುವ ಭದ್ರತಾ ಸಂಸ್ಥೆಯ 2023ರ ಎಪಿಐ ದೋಷಗಳ ಪಟ್ಟಿಯಲ್ಲಿ ಮೊದಲನೇ ಸ್ಥಾನ ಇದಕ್ಕೇ. ನೆಸಸ್ ಹುಡುಕುದು ಹಳೇ ಆವೃತ್ತಿ, ತೆರೆದ ಪೋರ್ಟು, ದುರ್ಬಲ ಟಿಎಲ್‌ಎಸ್ (ಸಂಪರ್ಕದ ಗೂಢಲಿಪಿ) ಇಂಥದ್ದು. ಅದೂ ಬೇಕು. ಆದ್ರೆ ಅದು ವಿಎಪಿಟಿಯ ಮೊದಲರ್ಧ ಮಾತ್ರ.

ಲಾಗ್‌ಪುಟ್ಟ
ಇದಕ್ಕೆ ಬರ್ಪಿನಲ್ಲಿ ಆಟೊರೈಜ್ ಅಂತ ಎಕ್ಸ್‌ಟೆನ್ಷನ್ ಇದೆಯಲ್ಲ. ಮ್ಯಾನೇಜರ್ ಆಗಿ ಆ್ಯಪ್ ಪೂರ್ತಿ ಓಡಾಡಿದರೆ ಅದೇ ಪ್ರತಿ ರಿಕ್ವೆಸ್ಟನ್ನೂ ಸದಸ್ಯನ ಟೋಕನ್ ಹಾಕಿ ಒಮ್ಮೆ, ಟೋಕನ್ ಇಲ್ಲದೆ ಒಮ್ಮೆ ಕಳಿಸುತ್ತೆ. ಟೂಲ್ ಮಾಡಲ್ಲ ಅನ್ನೋದು ಪೂರ್ತಿ ನಿಜ ಅಲ್ಲ.

ಕುಡ್ಲದ_ಶೆಲ್
ಕಳಿಸ್ತದೆ, ತೀರ್ಪು ಮಾತ್ರ ನೆಚ್ಚಿಕೊಳ್ಳುವ ಹಾಗಿಲ್ಲ. ಇಂಥ ಹಲವು ಆ್ಯಪ್‌ಗಳು ಅನುಮತಿ ಇಲ್ಲ ಅನ್ನುವ ಸಂದೇಶವನ್ನೂ 200 ಕೋಡಿನಲ್ಲೇ ಕಳಿಸ್ತವೆ. ಆ ಸಂದೇಶದ ಪಠ್ಯವನ್ನು ಆಟೊರೈಜ್‌ನ ಎನ್‌ಫೋರ್ಸ್‌ಮೆಂಟ್ ಡಿಟೆಕ್ಟರಿನಲ್ಲಿ ಹಾಕದಿದ್ರೆ ತಡೆದದ್ದನ್ನೂ ತಡೆಯಲಿಲ್ಲ ಅಂತ ತೋರಿಸ್ಬಹುದು. ಆ ಸೆಟ್ಟಿಂಗ್ ಗೊತ್ತಿಲ್ಲದವರು ನೂರು ಸುಳ್ಳು ದೋಷ ಬರೆದು ಕೊಡ್ತಾರೆ, ನಿಮ್ಮ ಡೆವಲಪರ್‌ಗಳು ಒಂದು ವಾರ ಅದರ ಹಿಂದೆ ಓಡ್ಬೇಕು. ಹಾಗಾಗಿ ಇಂಟರ್‌ವ್ಯೂನಲ್ಲಿ ಇದನ್ನೇ ಕೇಳಿ.

ಎಪಿಐ_ಅಕ್ಕ
ಬ್ಯಾಂಕಿಂಗ್ ಸಾಫ್ಟ್‌ವೇರ್‌ನಲ್ಲಿ ಇದಕ್ಕಿಂತ ಗಂಭೀರವಾದದ್ದು ಇನ್ನೂ ಮೂರು ಇವೆ, ಯಾವ ಸ್ಕ್ಯಾನರೂ ಮುಟ್ಟಲ್ಲ.

ಕೌಂಟರ್ ಸಿಬ್ಬಂದಿ ವೋಚರ್ ಹಾಕ್ತಾರೆ, ಮ್ಯಾನೇಜರ್ ಪಾಸ್ ಮಾಡ್ತಾರೆ. ಸಿಬ್ಬಂದಿಯ ಪರದೆಯಲ್ಲಿ ಪಾಸ್ ಬಟನ್ ಕಾಣಲ್ಲ, ಸರಿ. ಪಾಸ್ ಮಾಡೋ ಎಪಿಐಗೆ ಸಿಬ್ಬಂದಿಯ ಟೋಕನ್ ಹಾಕಿ ನೇರವಾಗಿ ಕಳಿಸಿದರೆ? ಮ್ಯಾನೇಜರ್ ತಾನೇ ಹಾಕಿದ ವೋಚರನ್ನು ತಾನೇ ಪಾಸ್ ಮಾಡಿದರೆ? ಎರಡೂ ಬೇರೆ ಬೇರೆ ಪರೀಕ್ಷೆ.

ಅವಧಿಗೆ ಮೊದಲೇ ಠೇವಣಿ ಮುರಿಯೋ ರಿಕ್ವೆಸ್ಟನ್ನು ಒಂದೇ ಕ್ಷಣಕ್ಕೆ ಹತ್ತು ಸಲ ಕಳಿಸಿ ನೋಡಬೇಕು. ಬರ್ಪ್ ರಿಪೀಟರ್‌ನಲ್ಲಿ ಟ್ಯಾಬ್‌ಗಳ ಗುಂಪು ಮಾಡಿ ಸಮಾನಾಂತರವಾಗಿ ಕಳಿಸೋ ಆಯ್ಕೆ ಇದೆ. ಬಾಕಿ ನೋಡೋದಕ್ಕೂ ಕಳೆಯೋದಕ್ಕೂ ನಡುವೆ ಡೇಟಾಬೇಸ್ ಸಾಲಿಗೆ ಬೀಗ ಇಲ್ಲದಿದ್ದರೆ ಒಂದೇ ಠೇವಣಿ ಎರಡು ಸಲ ಪಾವತಿಯಾಗುತ್ತೆ.

ಮೂರನೇದು, ಮೊತ್ತದ ಜಾಗದಲ್ಲಿ ಮೈನಸ್ 5,000. ಪರದೆಯಲ್ಲಿ ತಡೆದಿರ್ತಾರೆ, ಸರ್ವರ್‌ನಲ್ಲಿ ಮರೆತಿರ್ತಾರೆ.

ಕೊಟೇಶನ್ ಕೊಟ್ಟವರನ್ನು ಕರೆದು "ನಮ್ಮ ಆ್ಯಪಿನಲ್ಲಿ ಮೊದಲ ದಿನ ಏನು ನೋಡ್ತೀರಿ" ಅಂತ ಕೇಳಿ. ಈ ಮೂರರಲ್ಲಿ ಒಂದನ್ನೂ ಹೇಳದೆ ಬರೀ ಟೂಲಿನ ಹೆಸರು ಹೇಳಿದರೆ ಅವರಿಗೆ ನಿಮ್ಮ ವ್ಯವಹಾರ ಗೊತ್ತಿಲ್ಲ.

ಸೌಹಾರ್ದ_ಡೆವ್
ವೋಚರ್ ಮಾತು ಓದಿ ತಂಡದವರಿಗೆ ಈಗಲೇ ಕಳಿಸಿದೆ. ಧನ್ಯವಾದ ಅಕ್ಕ. ಹಾಗಾದರೆ ಸಿಇಎಚ್ ಕಡ್ಡಾಯ ಅನ್ನೋದು?

ಮೈಸೂರ್_ರೂಟ್
ತೆಗೆದುಹಾಕಿ. ಸಿಇಎಚ್‌ನ ಮುಖ್ಯ ಪರೀಕ್ಷೆ 125 ಬಹು ಆಯ್ಕೆ ಪ್ರಶ್ನೆ, 4 ಗಂಟೆ. ಬಾಯಿಪಾಠ ಮಾಡಿದ್ರೂ ಆಗುತ್ತೆ. ಒಎಸ್‌ಸಿಪಿ ಕೇಳಿ. 23 ಗಂಟೆ 45 ನಿಮಿಷ ನಿಜವಾದ ಯಂತ್ರಗಳಿಗೆ ನುಗ್ಗಬೇಕು, ಆಮೇಲೆ 24 ಗಂಟೆಯೊಳಗೆ ರಿಪೋರ್ಟ್ ಬರೆದು ಕೊಡ್ಬೇಕು. ಅದನ್ನು ಬಾಯಿಪಾಠದಿಂದ ದಾಟೋಕಾಗಲ್ಲ ಗುರು.

ಧಾರವಾಡ_ಪ್ಯಾಕೆಟ್
ಸಿಇಎಚ್‌ಗೂ ಬ್ಯಾರೆ ಪ್ರಾಕ್ಟಿಕಲ್ ಪರೀಕ್ಷಾ ಅದ ರೀ, 6 ತಾಸು, 20 ಸವಾಲು. ಬರೇ ಬೈಯ್ಯೋದು ಬ್ಯಾಡ. ಸರ್ಕಾರಿ ಟೆಂಡರ್‌ನಾಗ ಅದರ ಹೆಸರು ಕೇಳ್ತಾರ ಅಂತನ ಎಷ್ಟೋ ಮಂದಿ ಮಾಡಿರ್ತಾರ, ಅದು ಅವರ ತಪ್ಪಲ್ಲ.

ಕುಡ್ಲದ_ಶೆಲ್
ಒಎಸ್‌ಸಿಪಿ ಒಳ್ಳೇದೇ, ಆದ್ರೆ ಇವರ ಕೆಲಸಕ್ಕೆ ಅದು ನೇರ ಸಂಬಂಧ ಇಲ್ಲ. ಅದರಲ್ಲಿ ಇರುದು ಬಿಡಿ ಯಂತ್ರ ಮೂರು, ಜೊತೆಗೆ ಆ್ಯಕ್ಟಿವ್ ಡೈರೆಕ್ಟರಿ (ವಿಂಡೋಸ್ ಕಚೇರಿ ನೆಟ್‌ವರ್ಕಿನ ಲಾಗಿನ್ ವ್ಯವಸ್ಥೆ) ಗುಂಪು ಒಂದು. ಇವರದ್ದು ವೆಬ್ ಮತ್ತು ಎಪಿಐ. ಪೋರ್ಟ್‌ಸ್ವಿಗ್ಗರ್‌ನವರ ಬರ್ಪ್ ಪ್ರಾಕ್ಟಿಷನರ್ ಪರೀಕ್ಷೆ ಇದಕ್ಕೆ ಹತ್ತಿರ: 4 ಗಂಟೆಯಲ್ಲಿ ಎರಡು ಆ್ಯಪ್, ಒಂದೊಂದರಲ್ಲೂ ಮೂರು ಹಂತ. ಸಾಮಾನ್ಯ ಬಳಕೆದಾರನ ಖಾತೆ ಹಿಡಿದು, ಅಲ್ಲಿಂದ ಅಡ್ಮಿನ್ ಆಗಿ, ಕೊನೆಗೆ ಸರ್ವರಿನ ಫೈಲ್ ಓದ್ಬೇಕು.

ಹೊಸಬ_ಕಲಿಯುವೆ
ಬಗ್ ಬೌಂಟಿ (ದೋಷ ಹುಡುಕಿ ಕಂಪನಿಗಳಿಂದ ಬಹುಮಾನ ಪಡೆಯೋದು) ಮಾಡಿದವರನ್ನು ತೆಗೆದುಕೊಳ್ಳಬಹುದಾ? ಅವರಿಗೆ ಸರ್ಟಿಫಿಕೇಟ್ ಇರಲ್ಲ, ಕೆಲಸ ಚೆನ್ನಾಗಿ ಗೊತ್ತಿರುತ್ತೆ.

ಪೋರ್ಟ್443
ತೆಗೆದುಕೊಳ್ಳಬಹುದು, ಒಂದು ಎಚ್ಚರ ಇಟ್ಟುಕೊಂಡು. ಬೌಂಟಿಯಲ್ಲಿ ದುಡ್ಡು ಬರೋದು ಸಿಕ್ಕ ದೋಷಕ್ಕೆ. ಪೆನ್‌ಟೆಸ್ಟ್‌ನಲ್ಲಿ ದುಡ್ಡು ಕೊಡೋದು ಎಲ್ಲಾ ಜಾಗ ನೋಡಿದ್ದಕ್ಕೆ. ಒಂದು ದೊಡ್ಡ ತೂತು ಸಿಕ್ಕಿದ ಮೇಲೂ ಉಳಿದ 59 ಎಪಿಐಗಳನ್ನು ತಾಳ್ಮೆಯಿಂದ ಮುಗಿಸೋ ಅಭ್ಯಾಸ ಬೇರೆಯೇ. ಒವಾಸ್ಪ್‌ನ ವೆಬ್ ಟೆಸ್ಟಿಂಗ್ ಗೈಡ್ ಹಿಡಿದು ಯಾವ ಪರೀಕ್ಷೆ ಆಯ್ತು, ಯಾವುದು ಅನ್ವಯಿಸಲ್ಲ, ಯಾವುದಕ್ಕೆ ಸಮಯ ಸಾಲಲಿಲ್ಲ ಅಂತ ಗುರುತು ಹಾಕಿ ಕೊಡೋರು ಬೇಕು.

ಲಾಗ್‌ಪುಟ್ಟ
ಸರ್ಟಿಫಿಕೇಟ್ ಜಗಳ ಬಿಡಿ, ಕೆಲಸ ಕೊಟ್ಟು ನೋಡಿ. ಜ್ಯೂಸ್ ಶಾಪ್ (ಅಭ್ಯಾಸಕ್ಕೆ ಅಂತ ದೋಷ ಬಿಟ್ಟು ಮಾಡಿದ ಆ್ಯಪ್) ಥರದ್ದು ಕೊಡಬೇಡಿ, ಅದರ ಉತ್ತರ ಎಲ್ಲಾ ನೆಟ್‌ನಲ್ಲಿದೆ. ಎರಡು ಚಿಕ್ಕ ಪರೀಕ್ಷೆ ಸಾಕು.

ಒಂದು, ನಿಮ್ಮದೇ ಸಾಫ್ಟ್‌ವೇರಿನ ಒಂದು ಭಾಗವನ್ನು ಬೇರೆ ಸರ್ವರ್‌ನಲ್ಲಿ ಹಾಕಿ, ಬೇಕಂತಲೇ ಮೂರು ದೋಷ ಬಿಟ್ಟು, ಅರ್ಧ ದಿನ ಕೊಡಿ. ಆ ಅರ್ಧ ದಿನಕ್ಕೆ ಸಂಬಳ ಕೊಡಿ, ಪುಕ್ಕಟೆ ಮಾಡಿಸಬೇಡಿ.

ಎರಡನೇದು ನನಗೆ ಹೆಚ್ಚು ಇಷ್ಟ. ಒಂದು ನೆಸಸ್ ರಿಪೋರ್ಟ್ ಕೈಗೆ ಕೊಟ್ಟು ಇದರಲ್ಲಿ ಸುಳ್ಳು ಯಾವುದು ಅಂತ ಕೇಳಿ. ರೆಡ್‌ಹ್ಯಾಟ್ (ಒಂದು ಲಿನಕ್ಸ್) ಸರ್ವರ್‌ನಲ್ಲಿ ಒಪನ್‌ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗೋ ಪ್ರೋಗ್ರಾಂ) ಹಳೇ ಆವೃತ್ತಿ ಸಂಖ್ಯೆ ತೋರಿಸುತ್ತೆ, ಸ್ಕ್ಯಾನರ್ ಕೆಂಪು ಗುರುತು ಹಾಕುತ್ತೆ. ಆದರೆ ರೆಡ್‌ಹ್ಯಾಟ್‌ನವರು ಸಂಖ್ಯೆ ಬದಲಿಸದೆ ತೇಪೆಯನ್ನು ಮಾತ್ರ ಹಳೇ ಆವೃತ್ತಿಗೆ ತಂದು ಹಾಕಿರ್ತಾರೆ. ಗೊತ್ತಿರೋರು ಆರ್‌ಪಿಎಂ ಪ್ಯಾಕೇಜಿನ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತೆಗೆದು ಆ ಸಿವಿಇ ಸಂಖ್ಯೆ (ದೋಷಕ್ಕೆ ಕೊಟ್ಟ ಗುರುತಿನ ಸಂಖ್ಯೆ) ಅಲ್ಲಿದೆಯಾ ಅಂತ ನೋಡ್ತೀನಿ ಅಂತಾರೆ. ಗೊತ್ತಿಲ್ಲದವರು ಅಪ್‌ಗ್ರೇಡ್ ಮಾಡಿ ಅಂತಾರೆ.

ಕಲಂ66
ಎಲ್ಲರೂ ಟೂಲಿನ ಮಾತೇ ಆಡುತ್ತಿದ್ದೀರಿ. ಅನುಮತಿ ಪತ್ರದ ಬಗ್ಗೆ ಯಾರೂ ಹೇಳಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 43 ಪ್ರಕಾರ ಮಾಲೀಕರ ಅಥವಾ ಅದರ ಹೊಣೆ ಹೊತ್ತವರ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಗೆ ಪ್ರವೇಶಿಸುವುದೇ ತಪ್ಪು. ಅದನ್ನು ಅಪ್ರಾಮಾಣಿಕವಾಗಿ ಅಥವಾ ಮೋಸದ ಉದ್ದೇಶದಿಂದ ಮಾಡಿದರೆ ಕಲಂ 66: ಮೂರು ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಫೋನಿನಲ್ಲಿ "ಹೂಂ, ಶುರು ಮಾಡಿ" ಎಂದದ್ದು ಸಾಲದು.

ಪತ್ರದಲ್ಲಿ ಡೊಮೇನ್‌ಗಳು, ಐಪಿಗಳು, ಆರಂಭ ಮತ್ತು ಮುಕ್ತಾಯದ ದಿನಾಂಕ-ಸಮಯ, ಟೆಸ್ಟರ್ ಯಾವ ಐಪಿಯಿಂದ ಬರುತ್ತಾರೆ, ಏನು ಮಾಡಕೂಡದು, ಎರಡೂ ಕಡೆಯ ತುರ್ತು ಫೋನ್ ಸಂಖ್ಯೆ ಇರಲಿ. ಸಹಿ ಮಾಡುವವರಿಗೆ ಆ ವ್ಯವಸ್ಥೆಯ ಮೇಲೆ ನಿಜವಾಗಿ ಅಧಿಕಾರ ಇರಬೇಕು. ನಿಮ್ಮ ಎಸ್‌ಎಂಎಸ್ ಗೇಟ್‌ವೇ, ಪಾವತಿ ಗೇಟ್‌ವೇ ನಿಮ್ಮದಲ್ಲ. ಅವುಗಳ ಪರೀಕ್ಷೆಗೆ ನೀವು ಅನುಮತಿ ಕೊಡುವಂತಿಲ್ಲ.

ಬೇ_ಏರಿಯಾ_ಕನ್ನಡಿಗ
ಕಲಂ66 ಹೇಳಿದ ಕೊನೇ ಮಾತಿಗೆ ಇಲ್ಲಿ ಅಮೆರಿಕದಲ್ಲಿ ದೊಡ್ಡ ಉದಾಹರಣೆ ಇದೆ. 2019ರ ಸೆಪ್ಟೆಂಬರ್‌ನಲ್ಲಿ ಅಯೋವಾ ರಾಜ್ಯದ ಡಲ್ಲಾಸ್ ಕೌಂಟಿಯ ನ್ಯಾಯಾಲಯದ ಕಟ್ಟಡಕ್ಕೆ ರಾತ್ರಿ ನುಗ್ಗಿ ಪರೀಕ್ಷೆ ಮಾಡ್ತಿದ್ದ ಕೋಲ್‌ಫೈರ್ ಕಂಪನಿಯ ಇಬ್ಬರನ್ನು ಬಂಧಿಸಿದರು. ಕೆಲಸ ಕೊಟ್ಟಿದ್ದು ರಾಜ್ಯದ ನ್ಯಾಯಾಂಗ ಇಲಾಖೆ, ಕೈಯಲ್ಲಿ ಪತ್ರವೂ ಇತ್ತು. ಆದರೆ ಕಟ್ಟಡ ಕೌಂಟಿಯದ್ದು, ಅದಕ್ಕೆ ಅನುಮತಿ ಕೊಡೋ ಅಧಿಕಾರ ರಾಜ್ಯಕ್ಕಿಲ್ಲ ಅಂತ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ವಾದ. ಆರೋಪ ಕೈಬಿಟ್ಟಿದ್ದು 2020ರ ಜನವರಿಯಲ್ಲಿ.

ಹೊಸಬ_ಕಲಿಯುವೆ
ಎಡಬ್ಲ್ಯುಎಸ್‌ನಲ್ಲಿದ್ದರೆ ಅಮೆಜಾನ್‌ನವರಿಂದಲೂ ಅನುಮತಿ ಬೇಕಲ್ವಾ? ಫಾರ್ಮ್ ತುಂಬಬೇಕು ಅಂತ ಓದಿದ್ದೆ.

ಪೋರ್ಟ್443
ಅದು ಹಳೇ ನಿಯಮ. ಈಗ ಅವರೇ ಪಟ್ಟಿ ಮಾಡಿರೋ ಸೇವೆಗಳ ಮೇಲೆ ಗ್ರಾಹಕರು ಮುಂಗಡ ಅನುಮತಿ ಇಲ್ಲದೆ ಟೆಸ್ಟ್ ಮಾಡಬಹುದು. ಡಿನಯಲ್ ಆಫ್ ಸರ್ವಿಸ್, ಪೋರ್ಟ್ ಫ್ಲಡಿಂಗ್ (ಎರಡೂ ರಿಕ್ವೆಸ್ಟಿನ ಮಳೆ ಸುರಿಸಿ ಸೇವೆ ನಿಲ್ಲಿಸೋ ಥರದ್ದು), ಡಿಎನ್‌ಎಸ್ ಝೋನ್ ವಾಕಿಂಗ್ (ಡೊಮೇನ್ ಹೆಸರುಗಳ ಪಟ್ಟಿ ಎಳೆಯೋದು) ಇವು ನಿಷಿದ್ಧ. ಪಟ್ಟಿ ಬದಲಾಗ್ತಿರುತ್ತೆ, ಶುರು ಮಾಡೋ ದಿನ ಒಮ್ಮೆ ನೋಡಿ.

ಸೌಹಾರ್ದ_ಡೆವ್
ಟೆಸ್ಟ್ ಯಾವುದರ ಮೇಲೆ ಮಾಡಿಸಬೇಕು? ನಿಜವಾದ ಸರ್ವರ್ (ಪ್ರೊಡಕ್ಷನ್) ಕೊಡೋಕೆ ಭಯ. ಸ್ಟೇಜಿಂಗ್ (ಪರೀಕ್ಷೆಗೆ ಅಂತ ಇಟ್ಟ ಅದರ ನಕಲು) ಕೊಟ್ಟರೆ ಬ್ಯಾಂಕು ಒಪ್ಪುತ್ತಾ?

ಮೈಸೂರ್_ರೂಟ್
ಪ್ರೊಡಕ್ಷನ್ ಮೇಲೇ ಮಾಡಿಸಿ. ಸ್ಟೇಜಿಂಗ್‌ನಲ್ಲಿ ಸಿಗದೇ ಇರೋದು ಪ್ರೊಡಕ್ಷನ್‌ನಲ್ಲಿ ಇರುತ್ತೆ. ಕಳ್ಳ ಬರೋದೂ ಅಲ್ಲಿಗೇ.

ಲಾಗ್‌ಪುಟ್ಟ
ಸಹಕಾರಿ ಬ್ಯಾಂಕಿನ ಜೀವಂತ ಖಾತೆಗಳ ಮೇಲೆ? ಖಂಡಿತ ಬೇಡ. ಡೇಟಾಬೇಸ್‌ಗೆ ನುಗ್ಗೋ ದೋಷ ಹುಡುಕೋ ಎಸ್‌ಕ್ಯೂಎಲ್‌ಮ್ಯಾಪ್ ಟೂಲಿನಲ್ಲಿ ರಿಸ್ಕ್ ಮಟ್ಟ 3 ಇಟ್ಟರೆ ಅದು "ಅಥವಾ" ಷರತ್ತಿನ ಪೇಲೋಡ್ (ದಾಳಿಯ ಪಠ್ಯ) ಕಳಿಸುತ್ತೆ. ಆ ಪೇಲೋಡು ಒಂದು ಅಪ್‌ಡೇಟ್ ಹೇಳಿಕೆಯೊಳಗೆ ಬಿದ್ದರೆ ಒಂದು ಸಾಲಿನ ಬದಲು ಕೋಷ್ಟಕದ ಎಲ್ಲಾ ಸಾಲುಗಳೂ ಬದಲಾಗಬಹುದು. ಎಲ್ಲಾ ಸದಸ್ಯರ ಮೊಬೈಲ್ ನಂಬರ್ ಒಂದೇ ಆಯ್ತು ಅಂದ್ಕೊಳ್ಳಿ, ವಾಪಸ್ ತರೋದು ಬ್ಯಾಕಪ್‌ನಿಂದ ಮಾತ್ರ.

ಒಟಿಪಿ ಮಿತಿ ಪರೀಕ್ಷೆ ಮಾಡುವಾಗ ನಿಜವಾದ ಸದಸ್ಯರಿಗೆ ರಾಶಿ ಎಸ್‌ಎಂಎಸ್ ಹೋಗುತ್ತೆ, ಕ್ರೆಡಿಟ್ಟೂ ಖಾಲಿ. ಪಾಸ್‌ವರ್ಡ್ ಊಹಿಸೋ ಪರೀಕ್ಷೆಯಲ್ಲಿ ಶಾಖೆಯ ಸಿಬ್ಬಂದಿಯ ಲಾಗಿನ್ ಲಾಕ್ ಆಗಿ ಸಂಜೆಯ ಡೇ-ಎಂಡ್ (ದಿನದ ಲೆಕ್ಕ ಮುಚ್ಚೋದು) ನಿಲ್ಲುತ್ತೆ. ಕಚೇರಿ ನೆಟ್‌ವರ್ಕು ಸ್ಕೋಪಿನಲ್ಲಿದ್ದರೆ 9100 ಪೋರ್ಟ್ ಮುಟ್ಟಿದಾಗ ಪ್ರಿಂಟರ್ ಕಸ ಅಕ್ಷರಗಳ ಹಾಳೆ ಉಗುಳೋಕೆ ಶುರು ಮಾಡಬಹುದು.

ಎಪಿಐ_ಅಕ್ಕ
ಇಬ್ಬರೂ ಅರ್ಧರ್ಧ ಸರಿ. ದಾಳಿಯ ಭಾಗ ಸ್ಟೇಜಿಂಗ್‌ನಲ್ಲಿ. ಆದರೆ ಅಲ್ಲಿ ಪ್ರೊಡಕ್ಷನ್‌ನದ್ದೇ ಬಿಲ್ಡ್ (ಸಾಫ್ಟ್‌ವೇರಿನ ಅದೇ ಆವೃತ್ತಿ), ಅದೇ ಸಂರಚನೆ, ಮುಸುಕು ಹಾಕಿದ ಡೇಟಾ ಇರಬೇಕು. ನಿಜವಾದ ಆಧಾರ್, ಪ್ಯಾನ್ ಇರೋ ನಕಲನ್ನು ಸ್ಟೇಜಿಂಗ್‌ಗೆ ಹಾಕಿದರೆ ನೀವೇ ಹೊಸ ತೂತು ಮಾಡಿದ ಹಾಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಸೂಕ್ತ ರಕ್ಷಣೆ ಇಡದಿದ್ದಕ್ಕೆ 250 ಕೋಟಿವರೆಗೆ ದಂಡ ಇದೆ. ಪ್ರೊಡಕ್ಷನ್ ಮೇಲೆ ಬರೀ ಓದುವ ಪರೀಕ್ಷೆ: ಪೋರ್ಟು, ಟಿಎಲ್‌ಎಸ್, ಹೆಡರ್, ಎಸ್3 ಬಕೆಟ್ (ಎಡಬ್ಲ್ಯುಎಸ್‌ನ ಫೈಲ್ ಸಂಗ್ರಹ) ಅನುಮತಿ. ಎರಡೂ ಒಂದೇ ಬಿಲ್ಡ್ ಅನ್ನೋದನ್ನು ರಿಪೋರ್ಟಿನಲ್ಲಿ ಬರೆಸಿ, ಬ್ಯಾಂಕು ಒಪ್ಪುತ್ತೆ.

ಧಾರವಾಡ_ಪ್ಯಾಕೆಟ್
ವ್ಯಾಫ್ (ವೆಬ್ ದಾಳಿ ತಡಿಯೋ ಫೈರ್‌ವಾಲ್) ಇದ್ರ ಟೆಸ್ಟರ್ ಐಪಿ ತಡೀದಂಗ ಬಿಡಬೇಕೋ ಬ್ಯಾಡೋ, ಅದನ್ನೂ ಹೇಳ್ರಿ ಅಕ್ಕಾರ. ನಮ್ಮ ಕಡೆ ಎಲ್ಲಾರೂ "ವ್ಯಾಫ್ ತಡದ್ರ ಛಲೋನ ಆತು" ಅಂತಾರ.

ಎಪಿಐ_ಅಕ್ಕ
ಬಿಡಬೇಕು. ನೀವು ದುಡ್ಡು ಕೊಡ್ತಿರೋದು ಆ್ಯಪ್ ಪರೀಕ್ಷೆಗೆ. ಐದು ದಿನ ವ್ಯಾಫ್ ಜೊತೆ ಗುದ್ದಾಡಿದರೆ ಒಳಗಿನ ದೋಷ ಹಾಗೇ ಉಳಿಯುತ್ತೆ. ನಾಳೆ ಯಾರೋ ವ್ಯಾಫ್ ದಾಟೋ ದಾರಿ ಕಂಡುಕೊಂಡಾಗ ಸಿಗುತ್ತೆ. ಟೆಸ್ಟ್ ಮುಗಿದ ಮೇಲೆ ಸಿಕ್ಕ ದೋಷಗಳನ್ನೇ ವ್ಯಾಫ್ ಹಾಕಿ ಇನ್ನೊಮ್ಮೆ ಕಳಿಸಿ ನೋಡಲಿ, ಅರ್ಧ ದಿನದ ಕೆಲಸ. ಐಪಿ ವಿನಾಯಿತಿಯನ್ನು ಆ ದಿನವೇ ತೆಗೆಯಿರಿ, ಅದನ್ನು ಮರೆಯೋರು ಬಹಳ.

ಕುಡ್ಲದ_ಶೆಲ್
ಆಂಡ್ರಾಯ್ಡಿಗೂ ಇದೇ ಪ್ರಶ್ನೆ ಬರ್ತದೆ. ಆಂಡ್ರಾಯ್ಡ್ 7ರಿಂದ ಬಳಕೆದಾರ ಹಾಕಿದ ಸಿಎ ಸರ್ಟಿಫಿಕೇಟನ್ನು (ಟ್ರಾಫಿಕ್ ನಡುವೆ ನೋಡ್ಲಿಕ್ಕೆ ಬರ್ಪಿಗೆ ಬೇಕಾದ್ದು) ಆ್ಯಪ್‌ಗಳು ತಾವಾಗಿ ನಂಬುದಿಲ್ಲ. ಮೇಲಿಂದ ಪಿನ್ನಿಂಗ್ (ತನ್ನ ಸರ್ವರಿನ ಸರ್ಟಿಫಿಕೇಟನ್ನು ಮಾತ್ರ ನಂಬುದು) ಬೇರೆ ಹಾಕಿದ್ರೆ ಬರ್ಪಿಗೆ ಟ್ರಾಫಿಕ್ ಕಾಣ್ಲಿಕ್ಕೆ ಫ್ರೀಡಾ (ಓಡುವ ಆ್ಯಪನ್ನು ತಿದ್ದುವ ಟೂಲು) ಹಚ್ಚಿ ಕೂರ್ಬೇಕು. ಎರಡು ಎಪಿಕೆ (ಆಂಡ್ರಾಯ್ಡ್ ಆ್ಯಪಿನ ಫೈಲ್) ಕೊಡಿ: ಪಿನ್ನಿಂಗ್ ಇಲ್ಲದ್ದು ಒಂದು, ಪ್ಲೇ ಸ್ಟೋರಿಗೆ ಹೋಗುವಂಥದ್ದು ಒಂದು. ಮೊದಲನೆಯದ್ರಲ್ಲಿ ಎಪಿಐ ನೋಡ್ಲಿ, ಎರಡನೆಯದ್ರಲ್ಲಿ ಪಿನ್ನಿಂಗ್, ರೂಟ್ ಪತ್ತೆ ಎಷ್ಟು ಗಟ್ಟಿ ಅಂತ ನೋಡ್ಲಿ. ಎರಡರ ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚಿನ ಹಾಗಿರುವ ಸಂಖ್ಯೆ) ರಿಪೋರ್ಟಿನಲ್ಲಿ ಬರ್ಬೇಕು.

ಅವರಿಗೆ ಕೊಡುವ ಮೊದಲು ನೀವೇ ಎಪಿಕೆಯನ್ನು ಜಾಡ್‌ಎಕ್ಸ್‌ನಲ್ಲಿ (ಎಪಿಕೆಯ ಕೋಡ್ ತೋರಿಸುವ ಟೂಲು) ತೆರೆದು "ಕೀ", "ಸೀಕ್ರೆಟ್" ಅಂತ ಹುಡುಕಿ. ಎಸ್‌ಎಂಎಸ್ ಗೇಟ್‌ವೇಯ ಕೀ ಒಳಗೇ ಉಂಟಾದರೆ ಅದನ್ನು ಕಂಡುಹಿಡಿಯಲಿಕ್ಕೆ ತಜ್ಞರಿಗೆ ದುಡ್ಡು ಯಾಕೆ ಕೊಡ್ಬೇಕು?

ಹೊಸಬ_ಕಲಿಯುವೆ
ಬರ್ಪ್ ಪ್ರೊ ಕ್ರ್ಯಾಕ್ (ಲೈಸೆನ್ಸ್ ಮುರಿದ ನಕಲು) ಬಳಸಿದರೆ ಯಾರಿಗೆ ಗೊತ್ತಾಗುತ್ತೆ? ತುಂಬಾ ಜನ ಅದನ್ನೇ ಬಳಸ್ತಾರಲ್ಲ.

ಪೋರ್ಟ್443
ಗೊತ್ತಾಗೋದಲ್ಲ ವಿಷಯ. ಬರ್ಪ್ ಮೂಲಕ ಹರಿಯೋದು ಗ್ರಾಹಕರ ಪಾಸ್‌ವರ್ಡು, ಟೋಕನ್ನು, ಖಾತೆ ವಿವರ. ಯಾರೋ ತಿದ್ದಿದ ಪ್ರೋಗ್ರಾಂ ಅದನ್ನೆಲ್ಲ ಬೇರೆಲ್ಲಿಗೂ ಕಳಿಸ್ತಿಲ್ಲ ಅಂತ ಯಾರು ಹೇಳ್ತಾರೆ? ಕೆಲಸ ಕೊಡೋರು ಲೈಸೆನ್ಸ್ ಪರದೆ ತೋರಿಸಿ ಅಂತ ಕೇಳಲೇಬೇಕು. ಕಲಿಯೋಕೆ ಬರ್ಪಿನ ಕಮ್ಯುನಿಟಿ ಆವೃತ್ತಿ, ಅದೇ ಥರದ ಝಾಪ್ ಎರಡೂ ಪುಕ್ಕಟೆ ಇವೆ, ಪೋರ್ಟ್‌ಸ್ವಿಗ್ಗರ್‌ನ ಅಕಾಡೆಮಿಯೂ ಪುಕ್ಕಟೆ. ಬೆಂಗಳೂರಿನಲ್ಲಿದ್ದರೆ ನಲ್ ಅನ್ನೋ ಸೈಬರ್ ಭದ್ರತಾ ಸಮುದಾಯದ ಸಭೆಗಳಿಗೆ ಹೋಗಿ.

ಸೌಹಾರ್ದ_ಡೆವ್
ರಿಪೋರ್ಟ್ ಬಂದ ಮೇಲೆ ಅದು ಒಳ್ಳೇದೋ ಅಲ್ಲವೋ ಅಂತ ಹೇಗೆ ಗೊತ್ತಾಗುತ್ತೆ?

ಲಾಗ್‌ಪುಟ್ಟ
ಬರೋ ತನಕ ಕಾಯಬೇಡಿ, ಮಾದರಿ ರಿಪೋರ್ಟ್ ಈಗಲೇ ತರಿಸಿ. ಅದರಲ್ಲಿ ಬೇರೆ ಗ್ರಾಹಕರ ಹೆಸರೋ ಐಪಿಯೋ ಅಳಿಸದೆ ಉಳಿದಿದ್ದರೆ ಅವರನ್ನು ಅಲ್ಲಿಗೇ ಬಿಡಿ. ನಾಳೆ ನಿಮ್ಮ ರಿಪೋರ್ಟೂ ಹೀಗೇ ಇನ್ನೊಬ್ಬರ ಕೈಗೆ ಹೋಗುತ್ತೆ.

ಪ್ರತಿ ದೋಷಕ್ಕೂ ಪೂರ್ತಿ ರಿಕ್ವೆಸ್ಟು-ರೆಸ್ಪಾನ್ಸು, ಯಾವ ದರ್ಜೆಯ ಲಾಗಿನ್, ನಿಮ್ಮ ಡೆವಲಪರ್ ತಾನೇ ಮಾಡಿ ನೋಡುವಷ್ಟು ಹಂತಗಳು ಇರಬೇಕು. "ಇನ್‌ಪುಟ್ ಪರಿಶೀಲಿಸಿ" ಅನ್ನೋ ಒಂದು ಸಾಲಿನ ಪರಿಹಾರ ಪರಿಹಾರವೇ ಅಲ್ಲ. ಸಿವಿಎಸ್‌ಎಸ್ (ದೋಷದ ತೀವ್ರತೆ ಅಳೆಯೋ ಪದ್ಧತಿ) ಅಂಕ ಮಾತ್ರ ಅಲ್ಲ, ವೆಕ್ಟರ್ ಸಾಲೂ (ಅಂಕ ಲೆಕ್ಕ ಹಾಕಿದ ಅಂಶಗಳು) ಇರಬೇಕು, ಆಗ ಮಾತ್ರ ಅಂಕ ಎಲ್ಲಿಂದ ಬಂತು ಅಂತ ಪ್ರಶ್ನೆ ಮಾಡೋಕೆ ಆಗೋದು.

ಮೈಸೂರ್_ರೂಟ್
ಹೈ, ಕ್ರಿಟಿಕಲ್ ಮಾತ್ರ ಸರಿ ಮಾಡಿ, ಉಳಿದದ್ದು ನಿಧಾನಕ್ಕೆ ಅಂತ ಬ್ಯಾಂಕಿಗೆ ಹೇಳಿದ್ರೆ ಸಾಕು.

ಕುಡ್ಲದ_ಶೆಲ್
ಅಲ್ಲೇ ತಪ್ಪುದು. ನಾನು ಮೇಲೆ ಹೇಳಿದ 1042-1043 ದೋಷಕ್ಕೆ ಸಿವಿಎಸ್‌ಎಸ್ 3.1ರಲ್ಲಿ ಲೆಕ್ಕ ಹಾಕಿ. ನೆಟ್‌ವರ್ಕ್ ಮೂಲಕ, ಸುಲಭ, ಸಾಮಾನ್ಯ ಲಾಗಿನ್ ಬೇಕು, ಗೌಪ್ಯತೆಗೆ ಪೂರ್ತಿ ಹಾನಿ, ತಿದ್ದುಪಡಿ ಇಲ್ಲ, ಸೇವೆ ನಿಲ್ಲುದಿಲ್ಲ. ಬರುದು 6.5, ಅಂದ್ರೆ ಮೀಡಿಯಂ. ಬ್ಯಾಂಕಿನ ಎಲ್ಲಾ ಸದಸ್ಯರ ಸಾಲದ ವಿವರ ಹೊರಗೆ ಹೋಗುವುದು ಮೀಡಿಯಂ ಆಗ್ತದಾ? ಅಂಕದ ಪಕ್ಕದಲ್ಲಿ ವ್ಯವಹಾರದ ದೃಷ್ಟಿಯ ತೀವ್ರತೆ ಬೇರೆ ಬರೆಸ್ಬೇಕು.

ಮೈಸೂರ್_ರೂಟ್
ಸರಿ, ಇದು ಒಪ್ಪಬೇಕಾದ ಮಾತು.

ಕಲಂ66
ಕರಾರಿಗೆ ಇನ್ನೂ ಎರಡು ಸೇರಿಸಿ. ಟೆಸ್ಟರ್‌ಗೆ ಗಂಭೀರ ದೋಷ ಸಿಕ್ಕರೆ ರಿಪೋರ್ಟ್ ತನಕ ಕಾಯದೆ ಅಂದೇ ಫೋನ್ ಮಾಡಬೇಕು. ಅದಕ್ಕಿಂತ ಮುಖ್ಯ, ಬೇರೆ ಯಾರೋ ಮೊದಲೇ ಒಳಗೆ ಬಂದ ಗುರುತು, ಉದಾಹರಣೆಗೆ ವೆಬ್‌ಶೆಲ್ (ಸರ್ವರ್ ನಿಯಂತ್ರಿಸಲು ದಾಳಿಕೋರರು ಬಿಟ್ಟ ಫೈಲು), ಕಂಡರೆ ಆ ಕ್ಷಣವೇ ತಿಳಿಸಬೇಕು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕಾದವರು ನೀವು. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳುವುದೂ ಅದರಲ್ಲೇ ಇದೆ.

ಎರಡನೆಯದು, ಸ್ಕ್ರೀನ್‌ಶಾಟು ಮತ್ತು ಡೇಟಾ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಅಳಿಸಿದ್ದಕ್ಕೆ ಲಿಖಿತ ದೃಢೀಕರಣ. ರಿಪೋರ್ಟ್ ಗೂಢಲಿಪಿಯಲ್ಲಿ ಬರಲಿ, ಪಾಸ್‌ವರ್ಡ್ ಅದೇ ಮೇಲ್‌ನಲ್ಲಿ ಬೇಡ.

ಧಾರವಾಡ_ಪ್ಯಾಕೆಟ್
ರೊಕ್ಕದ ಮಾತು: 30% ಮುಂಗಡ, 40% ಮೊದಲ ರಿಪೋರ್ಟ್ ಬಂದ್ ಮ್ಯಾಲೆ, 30% ರೀಟೆಸ್ಟ್ ಮುಗದ್ ಮ್ಯಾಲೆ. ರೀಟೆಸ್ಟ್ ಎಷ್ಟು ಸರ್ತಿ, ಎಷ್ಟು ದಿನದಾಗ ಅಂತ ಬರೀರಿ. ಒಂದ್ ರೀಟೆಸ್ಟ್, 60 ದಿನ ಅಂದ್ರ ನ್ಯಾಯ. "ದೋಷ ಇಲ್ಲ ಅಂತ ಬರದ್ರ ಮಾತ್ರ ಕೊನೀ ಕಂತು" ಅಂತ ಷರತ್ತು ಹಾಕಬ್ಯಾಡ್ರಿ, ಹಂಗ ಹಾಕಿದ್ರ ಸುಳ್ಳು ಬರಿಸಿಕೊಂಡಂಗ ಆಗ್ತದ.

ಪೋರ್ಟ್443
ಕೆಲಸಕ್ಕೆ ಇಟ್ಟುಕೊಳ್ಳೋ ವಿಚಾರಕ್ಕೆ ವಾಪಸ್ ಬರ್ತೀನಿ. ಒಂದೇ ಉತ್ಪನ್ನ ಇರೋ ಕಂಪನಿಗೆ ಪೂರ್ಣಕಾಲಿಕ ಪೆನ್‌ಟೆಸ್ಟರ್ ಬೇಡ, ಎರಡು ತಿಂಗಳಲ್ಲಿ ಕೆಲಸ ಮುಗಿಯುತ್ತೆ. ನಿಮಗೆ ಬೇಕಿರೋದು ಆ್ಯಪ್‌ಸೆಕ್ ಎಂಜಿನಿಯರ್. ಡೆವಲಪರ್‌ಗಳ ಜೊತೆ ಕೂತು ಕೋಡ್ ನೋಡೋರು, ಬಿಲ್ಡ್ ಸಾಲಿನಲ್ಲಿ ಸೆಮ್‌ಗ್ರೆಪ್, ಟ್ರಿವಿ, ಝಾಪ್ (ತಾವಾಗಿ ದೋಷ ಹುಡುಕೋ ಟೂಲುಗಳು) ಕೂರಿಸೋರು, ಹೊರಗಿನ ರಿಪೋರ್ಟ್ ಬಂದಾಗ ಸುಳ್ಳು-ನಿಜ ಬೇರ್ಪಡಿಸಿ ಸರಿ ಮಾಡಿಸೋರು. ಹೊರಗಿನ ಟೆಸ್ಟ್ ವರ್ಷಕ್ಕೊಮ್ಮೆ ಮತ್ತು ದೊಡ್ಡ ಬದಲಾವಣೆ ಆದಾಗಲೆಲ್ಲ.

ಸೌಹಾರ್ದ_ಡೆವ್
ಬ್ಯಾಂಕಿನಿಂದ ಉತ್ತರ ಬಂತು, ಎಂಪ್ಯಾನೆಲ್ ಆದವರೇ ಬೇಕಂತೆ. 40 ಸಾವಿರದವರನ್ನು ಮಾನವ-ದಿನ ಕೇಳಿದ್ದಕ್ಕೆ 3 ಅಂದರು, ಬಿಟ್ಟೆವು. 1.8 ಲಕ್ಷದವರು 16 ದಿನ ಅಂದಿದ್ದಾರೆ, ಅವರು ಪಟ್ಟಿಯಲ್ಲೂ ಇದ್ದಾರೆ. ಟೆಸ್ಟರ್ ಜೊತೆ ನೇರ ಮಾತಿಗೆ ಕೂರ್ತೇವೆ. ಜಾಹೀರಾತು ಹೀಗೆ ಬದಲಿಸಿದೆ:

"ಆ್ಯಪ್ ಭದ್ರತಾ ಎಂಜಿನಿಯರ್ ಬೇಕು. ವೆಬ್ ಮತ್ತು ಎಪಿಐ ದೋಷಗಳನ್ನು ಕೈಯಿಂದ ಹುಡುಕಿ, ಡೆವಲಪರ್‌ಗೆ ಅರ್ಥವಾಗುವಂತೆ ಬರೆಯಬಲ್ಲವರಾಗಿರಬೇಕು. ಜಾವಾ ಕೋಡ್ ಓದಲು ಬರಬೇಕು. ಸರ್ಟಿಫಿಕೇಟ್ ಇದ್ದರೆ ಒಳ್ಳೆಯದು, ಕಡ್ಡಾಯವಲ್ಲ. ಆಯ್ಕೆಯಲ್ಲಿ ಅರ್ಧ ದಿನದ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಅದಕ್ಕೆ ಸಂಭಾವನೆ ಇದೆ."

ಟೆಸ್ಟರ್‌ಗೆ ನಾಲ್ಕು ದರ್ಜೆಗೂ ಒಂದೊಂದು ಲಾಗಿನ್ ಮಾಡಿಟ್ಟಿದ್ದೇವೆ.

ಎಪಿಐ_ಅಕ್ಕ
ಜಾಹೀರಾತು ಚೆನ್ನಾಗಿದೆ. ಲಾಗಿನ್ ಸಾಲಲ್ಲ, ದರ್ಜೆಗೆ ಎರಡರಂತೆ ಎಂಟು ಬೇಕು. ಒಬ್ಬ ಸದಸ್ಯನ ಟೋಕನ್‌ನಿಂದ ಇನ್ನೊಬ್ಬ ಸದಸ್ಯನ ಖಾತೆ ತೆಗೆಯೋಕೆ ಎರಡನೇ ಸದಸ್ಯ ಇರಲೇಬೇಕಲ್ಲ. ಮ್ಯಾನೇಜರ್‌ಗಳನ್ನು ಬೇರೆ ಬೇರೆ ಶಾಖೆಗೆ ಹಾಕಿ. ಎಂಟೂ ಖಾತೆಗಳಲ್ಲಿ ಸಾಲ, ಠೇವಣಿ, ಪಾಸ್ ಆಗದ ವೋಚರ್ ಮೊದಲೇ ತುಂಬಿರಲಿ. ಖಾಲಿ ಖಾತೆ ಕೊಟ್ಟರೆ ಅರ್ಧ ಪರದೆಗಳು ತೆರೆಯೋದೇ ಇಲ್ಲ.

ಲಾಗ್‌ಪುಟ್ಟ
ಆ 16 ದಿನ ಸ್ಟೇಜಿಂಗ್‌ಗೆ ಹೊಸ ಬಿಲ್ಡ್ ಹಾಕಬೇಡಿ ಅಂತ ಡೆವಲಪರ್‌ಗಳಿಗೂ ಹೇಳಿಡಿ. ಮಧ್ಯದಲ್ಲಿ ಬದಲಾದರೆ ಯಾವ ಬಿಲ್ಡಿನ ಮೇಲೆ ಏನು ಸಿಕ್ಕಿತು ಅಂತ ರೀಟೆಸ್ಟ್ ಹೊತ್ತಿಗೆ ಗೊತ್ತಾಗಲ್ಲ.